ಬಕೆಟ್ ಒದ್ದ ಅಜ್ಜ

ಕೆಟ್ಟು ಪಟ್ಟಣ ಸೇರು ಅಂತ ಗಾದೆ. ನಮ್ಮ ಉಡುಪಿ ಕಡೆಯ ಹುಡುಗರು ಮುಂಬಯಿ ಸೇರಿದ್ದು ಹೆಚ್ಚುಕಮ್ಮಿ ಹಾಗೇ. ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸುವುದು, ಸಂಜೆ ಕೈ ತೊಳೆದುಕೊಂಡು ರಾತ್ರಿಶಾಲೆಗೆ ಓಡುವುದು. ಈ ರಾತ್ರಿಶಾಲೆಗಳ ಚರಿತ್ರೆ ಸಣ್ಣದಲ್ಲ. ಮೊಗವೀರ ವ್ಯವಸ್ಥಾಪಕ ಮಂಡಳಿಯವರು 1908ರಲ್ಲೇ ಒಂದನ್ನು ತೆರೆದಿದ್ದರು. ಆಮೇಲೆ ಬೇರೆ ಸಂಘಗಳೂ ತೆರೆದವು. ಅಲ್ಲಿ ಕಲಿತವರು ಬ್ಯಾಂಕು ಸೇರಿದರು, ವಕೀಲರಾದರು.

ನಾನು ಸೇರಿದ್ದು 1969ರಲ್ಲಿ. ಶಾಲೆಯ ಹೆಸರು ಬೇಡ. ಇಂಗ್ಲಿಷ್ ಮಾಸ್ತರರೂ ಹಗಲೆಲ್ಲ ಗುಮಾಸ್ತರೇ. ವಾರಕ್ಕೆ ಹತ್ತು ನುಡಿಗಟ್ಟು ಬಾಯಿಪಾಠ. ಬೋರ್ಡಿನ ಎಡಗಡೆ ಇಂಗ್ಲಿಷ್, ಬಲಗಡೆ ಅರ್ಥ. ‘ರೈನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್’ ಅಂದರೆ ಜೋರು ಮಳೆ. ‘ಟು ಕಿಕ್ ದ ಬಕೆಟ್’ ಅಂದರೆ ಸಾಯುವುದು. ಅಷ್ಟೇ. ಮೇಜಿನ ಮೇಲೆ ರೆನ್ ಅಂಡ್ ಮಾರ್ಟಿನ್ ವ್ಯಾಕರಣ. ಆ ರೆನ್ ಸಾಹೇಬ ಹಿಂದೆ ಕರಾಚಿಯಲ್ಲಿ ಮೇಷ್ಟ್ರಾಗಿದ್ದವನು, 1924ರಲ್ಲಿ ‘ಬೋ ಜೆಸ್ಟ್’ ಕಾದಂಬರಿ ಬರೆದು ಹೆಸರು ಮಾಡಿದವನು ಅಂತ ನಮಗೆ ಯಾರೂ ಹೇಳಲಿಲ್ಲ. ಹೇಳಿದ್ದರೆ ವ್ಯಾಕರಣದ ಮೇಲೆ ಸ್ವಲ್ಪ ಪ್ರೀತಿ ಹುಟ್ಟುತ್ತಿತ್ತೋ ಏನೋ.

1972ರ ಹೊತ್ತಿಗೆ ಫೋರ್ಟಿನ ಒಂದು ಆಫೀಸಿನಲ್ಲಿ ಗುಮಾಸ್ತನಾಗಿದ್ದೆ. ಒಂದು ದಿನ ಊರಿಂದ ಟೆಲಿಗ್ರಾಂ: ‘ಗ್ರ್ಯಾಂಡ್‌ಫಾದರ್ ಎಕ್ಸ್‌ಪೈರ್ಡ್, ಸ್ಟಾರ್ಟ್ ಇಮ್ಮಿಡಿಯೇಟ್ಲಿ’. ನನ್ನನ್ನು ಹೆಗಲ ಮೇಲೆ ಹೊತ್ತು ಹೊಳೆ ದಾಟಿಸಿ ಶಾಲೆಗೆ ಕಳಿಸಿದ ಅಜ್ಜ. ಅಳುತ್ತಲೇ ರಜೆಯ ಅರ್ಜಿ ಬರೆಯಲು ಕೂತೆ. ‘ಎಕ್ಸ್‌ಪೈರ್ಡ್’ ಔಷಧದ ಬಾಟಲಿ ಮೇಲಿನ ಶಬ್ದದ ಹಾಗೆ ಕಂಡಿತು. ಅಜ್ಜನಿಗೆ ತಕ್ಕ ಇಂಗ್ಲಿಷ್ ಬೇಕಲ್ಲ! ಹಾಗಾಗಿ ನನಗೆ ಗೊತ್ತಿದ್ದ ನುಡಿಗಟ್ಟನ್ನೇ ಬಳಸಿ, ಅಜ್ಜ ನಿನ್ನೆ ಬಕೆಟ್ ಒದ್ದರು ಅಂತ ಇಂಗ್ಲಿಷಿನಲ್ಲಿ ವಿನಯಪೂರ್ವಕ ಬರೆದೆ.

ಮ್ಯಾನೇಜರು ಓದಿದರು, ನಕ್ಕರು, ಟೈಪಿಸ್ಟನ್ನು ಕರೆದು ತೋರಿಸಿ ಇನ್ನೊಮ್ಮೆ ನಕ್ಕರು. ಆಮೇಲೆ ನನ್ನ ಮುಖ ನೋಡಿ ಥಟ್ಟನೆ ಸಹಿ ಹಾಕಿದರು. ಸತ್ತ ಸುದ್ದಿಗೆ ಇವರು ಯಾಕಪ್ಪ ನಗುತ್ತಾರೆ ಅಂತ ದಾರಿಯುದ್ದಕ್ಕೂ ಯೋಚನೆ. ಆಗ ಕೊಂಕಣ ರೈಲು ಎಲ್ಲಿತ್ತು? ಅದು ಪೂರ್ತಿಯಾಗಿದ್ದು 1998ರಲ್ಲಿ. ಬಸ್ಸಿಳಿದು ಮನೆ ಮುಟ್ಟುವಾಗ ಅಜ್ಜನ ಬೂದಿಯೂ ಆರಿತ್ತು.

ಬೊಜ್ಜದ ಮುಂಚಿನ ಸಂಜೆ. ಶೇಂದಿ ಕುಡಿದು ಬಂದ ನೆರೆಯವನೊಬ್ಬ ಅಂಗಳದಲ್ಲಿ ನಿಂತು, “ಅಂತೂ ಮುದುಕ ಗೊಟಕ್ ಅಂದ ಅನ್ನಿ” ಅಂದುಬಿಟ್ಟ. ಮಾವ ಕೈಯೆತ್ತಿಕೊಂಡೇ ಎದ್ದರು. “ತೀರಿಹೋದ್ರು ಅನ್ಲಿಕ್ಕೆ ಬರೂದಿಲ್ವನಾ ನಿಂಗೆ?” ಜಗಲಿಯಲ್ಲಿ ಕೂತಿದ್ದ ನನಗೆ ಮೈಯೆಲ್ಲ ಬಿಸಿಯಾಯಿತು. ಸಾಹೇಬರ ನಗು ಆಗ ಅರ್ಥವಾಯಿತು. ಕುಡುಕ ಅಂದದ್ದನ್ನೇ ನಾನು ಶಾಯಿಯಲ್ಲಿ ಬರೆದು, ಕೆಳಗೆ ಹೆಸರನ್ನೂ ಹಾಕಿದ್ದೆ.

ಆಮೇಲೆ ಆ ನುಡಿಗಟ್ಟಿನ ಬೆನ್ನು ಬಿದ್ದೆ. 1785ರಲ್ಲಿ ಫ್ರಾನ್ಸಿಸ್ ಗ್ರೋಸ್ ಎಂಬಾತ ಇಂಗ್ಲೆಂಡಿನ ಬೀದಿಮಾತುಗಳ ನಿಘಂಟು ಪ್ರಕಟಿಸಿದ. ಬಕೆಟ್ ಒದೆಯುವುದು ಆಗಲೇ ಅದರಲ್ಲಿದೆ. ಮೂಲದ ಬಗ್ಗೆ ಪಂಡಿತರಲ್ಲಿ ಒಮ್ಮತವಿಲ್ಲ. ಕಡಿದ ಹಂದಿಯನ್ನು ಕಾಲು ಕಟ್ಟಿ ತೂಗುಹಾಕುವ ತೊಲೆಗೂ ಅಲ್ಲಿ ಕೆಲವು ಕಡೆ ಬಕೆಟ್ ಅನ್ನುತ್ತಿದ್ದರಂತೆ, ಒದ್ದಾಡುವ ಕಾಲು ಅದಕ್ಕೆ ಬಡಿಯುತ್ತಿತ್ತಂತೆ. ನೇಣು ಹಾಕಿಕೊಳ್ಳುವವನು ಕಾಲ ಕೆಳಗಿನ ಬಕೆಟ್ ಒದೆಯುವುದು ಇನ್ನೊಂದು ಕಥೆ. ಎರಡರಲ್ಲಿ ಯಾವುದೂ ನನ್ನ ಅಜ್ಜನಿಗೆ ಒಪ್ಪುವಂಥದ್ದಲ್ಲ.

ಫ್ಲೋರಾ ಫೌಂಟನ್ನಿನ ಫುಟ್‌ಪಾತಿನಲ್ಲಿ ಒಮ್ಮೆ ‘ಹಾಬ್ಸನ್-ಜಾಬ್ಸನ್’ ಸಿಕ್ಕಿತು. ಯೂಲ್ ಮತ್ತು ಬರ್ನೆಲ್ ಸೇರಿ ಮಾಡಿದ, 1886ರಲ್ಲಿ ಬಂದ ಕೋಶ. ಬರ್ನೆಲ್ ಅಂದರೆ ನಮ್ಮ ತುಳುನಾಡಿನ ಭೂತಗಳ ಪಾಡ್ದನ ಸಂಗ್ರಹಿಸಿದ ಅದೇ ಬರ್ನೆಲ್. ಮೊಹರಂ ಮೆರವಣಿಗೆಯ ‘ಯಾ ಹಸನ್, ಯಾ ಹುಸೇನ್’ ಬಿಳಿ ಸೋಲ್ಜರುಗಳ ಬಾಯಲ್ಲಿ ಹಾಬ್ಸನ್-ಜಾಬ್ಸನ್ ಆಯಿತಂತೆ! ಎದೆ ಬಡಿದುಕೊಂಡು ಅಳುವವರ ಕೂಗು ಅದು. ನನ್ನ ಅರ್ಜಿ ನೆನಪಾಗಿ, ಮೊದಲ ಸಲ ನನಗೂ ನಗು ಬಂತು.

ಮುಂದೆ ಕೆಲವು ವರ್ಷ ನಾನೂ ವಾರಕ್ಕೆರಡು ರಾತ್ರಿ ಹುಡುಗರಿಗೆ ಪಾಠ ಹೇಳಿದೆ. ಬೋರ್ಡಿನ ಮೇಲೆ ಮೂರು ಕಾಲಂ ಎಳೆಯುತ್ತಿದ್ದೆ: ಇಂಗ್ಲಿಷ್, ಅರ್ಥ, ಯಾರ ಮುಂದೆ ಆಡಬಾರದು. ಆ ಬಕೆಟ್ಟಿನ ಸಾಲು ಬಂದಾಗ ಎರಡನೆಯ ಕಾಲಮ್ಮಿನಲ್ಲಿ ‘ಸಾಯುವುದು’ ಅಂತ ಬರೆಯುತ್ತಿರಲಿಲ್ಲ, ‘ಗೊಟಕ್’ ಅಂತ ಬರೆಯುತ್ತಿದ್ದೆ. ಹುಡುಗರು ಹೋ ಅಂತ ನಗುತ್ತಿದ್ದರು. ಮೂರನೆಯ ಕಾಲಂ ತುಂಬುವುದಕ್ಕೆ ಆಮೇಲೆ ನಾನೇನೂ ಹೇಳಬೇಕಾಗುತ್ತಿರಲಿಲ್ಲ.