ಮೋರೇರ ಮನೆಗಳು

ಗಂಗಾವತಿಗೆ ಸಮೀಪದ ಹಿರೇಬೆಣಕಲ್ಲಿನಿಂದ ಕಾಲುದಾರಿ ಹಿಡಿದು ಬೆಟ್ಟವೇರಿದರೆ ಕಲ್ಲಿನ ಊರೊಂದು ಎದುರಾಗುತ್ತದೆ. ಅಲ್ಲಿರುವುದು ಸುಮಾರು 400 ಶಿಲಾಸಮಾಧಿಗಳು. ದೊಡ್ಡವು ಆಳೆತ್ತರವನ್ನೂ ಮೀರಿವೆ: ಸುತ್ತಲೂ ನಿಲ್ಲಿಸಿದ ಚಪ್ಪಡಿಗಳು, ಮೇಲೊಂದು ಹೊದಿಕೆಗಲ್ಲು, ಎದುರಿನ ಚಪ್ಪಡಿಯಲ್ಲಿ ದುಂಡನೆಯ ಕಿಂಡಿ. ಕಲ್ಲು ಸೀಳಿ ತೆಗೆದ ಹೊಂಡವು ಪಕ್ಕದಲ್ಲಿಯೇ ಕೊಳವಾಗಿ ನಿಂತಿದೆ.

ವಿದ್ವಾಂಸರು ಇವನ್ನು ಕ್ರಿ. ಪೂ. 800ರಿಂದ 200ರವರೆಗಿನ ಅವಧಿಗೆ ಸೇರಿಸುತ್ತಾರೆ. ಕಟ್ಟಿದವರು ಕಬ್ಬಿಣವನ್ನು ಬಲ್ಲವರು. ಊರವರ ಮಾತಿನಲ್ಲಿ ಇದು ಮೋರೇರ ಗುಡ್ಡ. ಮೋರೇರೆಂಬ ಕುಳ್ಳರು ಇಲ್ಲಿ ಬಾಳಿದರಂತೆ, ಇವು ಅವರ ಮನೆಗಳಂತೆ. ಇಷ್ಟು ಭಾರದ ಬಂಡೆಗಳನ್ನು ಕುಳ್ಳರು ಎತ್ತಿದರೇ ಎಂದು ನಾವು ನಗಬಹುದು. ಆದರೆ ‘ಮನೆ’ ಎಂಬ ಮಾತು ಹುಸಿಯಲ್ಲ. ಗೋಡೆ, ಸೂರು, ಕಿಂಡಿ — ಸತ್ತವರಿಗೂ ಒಂದು ನೆಲೆ ಬೇಕೆಂದು ಬಗೆದವರ ಕೆಲಸವಿದು. ಬದುಕಿದ್ದವರ ಗುಡಿಸಲುಗಳು ಎಂದೋ ಮಣ್ಣುಗೂಡಿದವು. ಅಗಲಿದವರ ಮನೆಗಳು ನಿಂತಿವೆ.

ನಿಂತಿವೆ ಎಂದೆ, ಎಲ್ಲವೂ ನಿಂತಿಲ್ಲ. ನಿಧಿಯ ಆಸೆಗೆ ಅಗೆದವರಿಂದ ಹಲವು ಉರುಳಿವೆ. ಪುರಾತತ್ವ ಸರ್ವೇಕ್ಷಣದ ರಕ್ಷಣೆ ಇವಕ್ಕುಂಟು. 2021ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಗೂ ಸೇರಿದವು. ಕಾನೂನು ಬೇಕು, ನಿಜ. ಅದರೊಡನೆ ಊರವರ ಆ ಹಳೆಯ ಮಾತೂ ಉಳಿಯಬೇಕು. ಮನೆಯೆಂದು ಬಗೆದವನು ಅದರ ನೆಲವನ್ನು ಅಗೆಯಲಾರ.