ಬನಶಂಕರಿ ಜಾತ್ರೆ: ಬುತ್ತಿ, ತೇರು, ನಾಟಕ

ಬಾದಾಮಿಯಿಂದ ಸುಮಾರು 5 ಕಿಲೋಮೀಟರ್ ದೂರದಲ್ಲಿ, ಮಲಪ್ರಭಾ ನದಿಗೆ ಸಮೀಪದ ಚೊಳಚಗುಡ್ಡದ ಬಳಿ ಬನಶಂಕರಿ ದೇವಿಯ ಗುಡಿಯಿದೆ. ಪ್ರತಿವರ್ಷ ಪುಷ್ಯ ಮಾಸದ ಹುಣ್ಣಿಮೆಯಂದು, ಸಾಮಾನ್ಯವಾಗಿ ಜನವರಿಯಲ್ಲಿ, ಇಲ್ಲಿ ತೇರು ಎಳೆಯುತ್ತಾರೆ. ಆ ಹುಣ್ಣಿಮೆಗೆ ಬನದ ಹುಣ್ಣಿಮೆ ಎಂದೇ ಹೆಸರು. ಅಂದಿನಿಂದ ಮೂರು-ನಾಲ್ಕು ವಾರ ಜಾತ್ರೆ ನಡೆಯುತ್ತದೆ. ಬಾಗಲಕೋಟೆ, ಹುನಗುಂದ, ಇಳಕಲ್ಲ, ಗುಳೇದಗುಡ್ಡದ ಕಡೆಯ ಅನೇಕ ಮನೆಗಳಿಗೆ ತಲೆಮಾರುಗಳ ಕಾಲ ಇದು ಹರಕೆ ತೀರಿಸುವ ಯಾತ್ರೆಯಾಗಿತ್ತು. ಮಕ್ಕಳು ಮುದುಕರೆನ್ನದೆ ಮನೆಮಂದಿಯೆಲ್ಲ ಕೂಡಿ ಊರು ಬಿಟ್ಟು ಹೊರಡುವ ವರ್ಷದ ಒಂದೇ ಪ್ರವಾಸವೂ ಆಗಿತ್ತು. ತಿನ್ನುವ ರೊಟ್ಟಿ, ಉಡುವ ಸೀರೆ, ನೋಡುವ ನಾಟಕ ಎಲ್ಲವೂ ಇದೇ ಸೀಮೆಯ ಜನರ ಕೈಯಿಂದ ಬಂದವು. ಈ ಜಾತ್ರೆಯ ಸಂತೋಷದ ಮೂಲ ಅದೇ.

ದೇವಿಯ ಕಥೆ ಹುಟ್ಟಿದ್ದು ಬರಗಾಲದ ನೆನಪಿನಿಂದ. ಮಳೆಯಿಲ್ಲದೆ ಜನ ಹಸಿದಾಗ ದೇವಿ ತನ್ನ ಮೈಯಿಂದಲೇ ಕಾಯಿಪಲ್ಯ, ಸೊಪ್ಪುಗಳನ್ನು ಹುಟ್ಟಿಸಿ ಅವರನ್ನು ಬದುಕಿಸಿದಳೆಂದು ಪುರಾಣ ಹೇಳುತ್ತದೆ. ಆದ್ದರಿಂದ ಅವಳು ಶಾಕಂಬರಿ. ಹಿಂದೆ ತಿಲಕಾರಣ್ಯವೆಂದು ಕರೆಸಿಕೊಂಡ ಬನದಲ್ಲಿ ನೆಲೆಸಿದವಳಾದ್ದರಿಂದ ಬನಶಂಕರಿ. ವರ್ಷಕ್ಕೆ 600 ಮಿಲಿಮೀಟರಿನಷ್ಟೂ ಮಳೆ ಕಾಣದ ಈ ಬಯಲುಸೀಮೆಯಲ್ಲಿ ಹಸಿರು ಪಲ್ಯವೇ ದೇವರ ರೂಪ ತಾಳಿದ್ದು ಸಹಜ. ಗರ್ಭಗುಡಿಯಲ್ಲಿರುವುದು ಸಿಂಹದ ಮೇಲೆ ಕುಳಿತ, ಎಂಟು ಕೈಗಳ ಕಪ್ಪು ಕಲ್ಲಿನ ಮೂರ್ತಿ. ಈ ದೇವಿ ನೇಕಾರಿಕೆಯ ದೇವಾಂಗ ಸಮುದಾಯದ ಅನೇಕ ಮನೆತನಗಳಿಗೆ ಕುಲದೇವತೆ. ಇಳಕಲ್ಲ, ಗುಳೇದಗುಡ್ಡದಂಥ ಮಗ್ಗದ ಊರುಗಳಿಗೂ ಈ ಗುಡಿಗೂ ನಂಟು ಬೆಳೆಯಲು ಇದೂ ಒಂದು ಕಾರಣ.

ದೇವಿಯ ಆರಾಧನೆ ಚಾಲುಕ್ಯರ ಕಾಲದಷ್ಟು ಹಳೆಯದೆಂಬ ನಂಬಿಕೆಯಿದೆ. ಈಗಿನ ಕಟ್ಟಡ 1750ರಲ್ಲಿ ಮರಾಠಾ ಸರದಾರ ಪರಶುರಾಮ ಅಗಳೆ ಜೀರ್ಣೋದ್ಧಾರ ಮಾಡಿಸಿದ್ದು. ಗುಡಿಯ ಮುಂದೆ ಸುಮಾರು 360 ಅಡಿ ಉದ್ದಗಲದ ಹೊಂಡವಿದೆ. ಹರಿದ್ರಾ ತೀರ್ಥವೆಂಬುದು ಅದರ ಹೆಸರು. ಅದರ ಸುತ್ತಲಿನ ಕಲ್ಲು ಮಂಟಪಗಳು ಬಹುಕಾಲದಿಂದ ಯಾತ್ರಿಕರಿಗೆ ನೆರಳು ಕೊಟ್ಟಿವೆ.

ಜಾತ್ರೆಯ ಧಾರ್ಮಿಕ ಭಾಗ ಪುಷ್ಯ ಶುದ್ಧ ಅಷ್ಟಮಿಯಿಂದ ಶುರುವಾಗುತ್ತದೆ. ಹುಣ್ಣಿಮೆಯ ಹಿಂದಿನ ದಿನ ಪಲ್ಯದ ಹಬ್ಬ. ಅಂದು 108 ಬಗೆಯ ಕಾಯಿಪಲ್ಯಗಳನ್ನು ದೇವಿಗೆ ನೈವೇದ್ಯ ಮಾಡುತ್ತಾರೆ. ಅಷ್ಟು ಬಗೆ ಕೂಡಿಸಬೇಕಾದರೆ ತೋಟದ ಬೆಳೆಯಷ್ಟೇ ಸಾಲದು, ಹೊಲದ ಬದುವಿನಲ್ಲಿ ತಾವಾಗಿ ಬೆಳೆಯುವ ಸೊಪ್ಪುಗಳ ಹೆಸರೂ ಗುರುತೂ ಬೇಕು. ಆ ತಿಳಿವಳಿಕೆಯನ್ನು ತಲೆಮಾರಿನಿಂದ ತಲೆಮಾರಿಗೆ ಉಳಿಸಿಕೊಂಡು ಬಂದವರು ಹೆಣ್ಣುಮಕ್ಕಳು. ಹರಕೆ ಹೊತ್ತ ತಂದೆ-ತಾಯಿ ತಮ್ಮ ಕೂಸನ್ನು ಬಾಳೆದಿಂಡಿನ ತೆಪ್ಪದಲ್ಲಿ ಮಲಗಿಸಿ ಹೊಂಡದಲ್ಲಿ ತೇಲಿಸುವ ಪದ್ಧತಿಯೂ ಈ ಜಾತ್ರೆಗಿದೆ. ಪಲ್ಯದ ಹಬ್ಬದ ಮರುದಿನ ಸಂಜೆ ತೇರು. ಅದನ್ನು ಎಳೆಯುವ ದಪ್ಪ ಹಗ್ಗವನ್ನು ರೋಣ ತಾಲ್ಲೂಕಿನ ಮಾಡಲಗೇರಿಯವರು ಹಳಿಬಂಡಿಯಲ್ಲಿ ಹೇರಿ ತರುತ್ತಾರೆ. ಹೀಗೆ ಹೊಳೆಯಾಚೆಯ ಊರಿಗೂ ಈ ತೇರಿನಲ್ಲಿ ಹಕ್ಕಿನ ಪಾಲಿದೆ.

ಜಾತ್ರೆ ಬರುವುದು ಒಕ್ಕಲುತನದ ಬಿಡುವಿನ ಹೊತ್ತಿಗೆ. ಮುಂಗಾರಿ ಬೆಳೆ ಮನೆ ಸೇರಿರುತ್ತದೆ, ಹಿಂಗಾರಿ ಜೋಳ ಇನ್ನೂ ಹೊಲದಲ್ಲಿರುತ್ತದೆ. ಕೈಯಲ್ಲಿ ಒಂದಿಷ್ಟು ದುಡ್ಡು, ಎತ್ತುಗಳಿಗೆ ಒಂದಿಷ್ಟು ವಿರಾಮ. ಹಿಂದಿನ ಕಾಲದಲ್ಲಿ ಎತ್ತುಗಳ ಕೊರಳಿಗೆ ಗೆಜ್ಜೆಸರ ಕಟ್ಟಿ, ಬಂಡಿಗೆ ಹುಲ್ಲು ಹಾಸಿ ಅದರ ಮೇಲೆ ಕೌದಿ ಹರವಿ ಹೊರಡುತ್ತಿದ್ದರು. ಇಳಕಲ್ಲಿನ ಕಡೆಯಿಂದ ಬರುವ ಬಂಡಿಗಳು ನಡುದಾರಿಯಲ್ಲಿ ವಸ್ತಿ ಮಾಡಬೇಕಾಗುತ್ತಿತ್ತು. ಅದಕ್ಕೆ ತಕ್ಕ ಹಾಗೆ ಬುತ್ತಿಯೂ ಇರುತ್ತಿತ್ತು. ಎಳ್ಳು ಹಚ್ಚಿದ ಕಟಕ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ, ಕೆಂಪು ಖಾರ. ನೀರಿನ ಅಂಶ ಕಡಿಮೆಯಿರುವ ಈ ತಿನಿಸುಗಳು ವಾರವಾದರೂ ಕೆಡುವುದಿಲ್ಲ. 1884ರಲ್ಲಿ ಗದಗ–ಹೊಟಗಿ ರೈಲು ದಾರಿ ಸಿದ್ಧವಾಗಿ ಬಾದಾಮಿ, ಬಾಗಲಕೋಟೆಗಳಿಗೆ ರೈಲು ಬಂದಿತು. ದೂರದ ಗದಗ, ವಿಜಯಪುರ, ಸೊಲ್ಲಾಪುರದ ಕಡೆಯವರಿಗೂ ಜಾತ್ರೆ ಹತ್ತಿರವಾಯಿತು. ಬಂದವರು ಬನಶಂಕರಿಯನ್ನಷ್ಟೇ ನೋಡಿ ಹೋಗುತ್ತಿರಲಿಲ್ಲ. ಮಹಾಕೂಟದ ಪುಷ್ಕರಣಿಯಲ್ಲಿ ಮಿಂದು, 1909ರಲ್ಲಿ ಹಾನಗಲ್ಲ ಕುಮಾರಸ್ವಾಮಿಗಳು ಸ್ಥಾಪಿಸಿದ ಶಿವಯೋಗಮಂದಿರಕ್ಕೆ ಹೋಗಿ, ಬಾದಾಮಿಯ ಗುಹೆಗಳನ್ನು ಹತ್ತಿ ನೋಡುವುದು ಇಂದಿಗೂ ರೂಢಿ.

ಬುತ್ತಿ ಮುಗಿದವರಿಗೆ ಹೊಂಡದ ದಂಡೆಯಲ್ಲಿ ಊಟ ಸಿದ್ಧ. ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ನಸುಕಿನಲ್ಲೇ ರೊಟ್ಟಿ ಬಡಿದು, ಬುಟ್ಟಿ ತಲೆಯ ಮೇಲೆ ಹೊತ್ತು ಬರುತ್ತಾರೆ. ನೆರಳು ನೋಡಿ ಕುಳಿತವರ ಮುಂದೆ ಬುಟ್ಟಿ ಇಳಿಸಿ, ಮೇಲಿನ ಅರಿವೆ ಸರಿಸಿದರೆ ಒಳಗೆ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಕಾಳಿನ ಪಲ್ಯ, ಕೆಂಪು ಚಟ್ನಿ. ಪಕ್ಕದಲ್ಲಿ ಸಣ್ಣ ಮಣ್ಣಿನ ಕುಡಿಕೆಗಳಲ್ಲಿ ಹೆಪ್ಪುಹಾಕಿದ ಗಟ್ಟಿ ಮೊಸರು. ರೊಟ್ಟಿಯನ್ನೇ ತಟ್ಟೆ ಮಾಡಿ ಪಲ್ಯ ಬಡಿಸಿಕೊಡುವುದೂ ಉಂಟು. ಜಾತ್ರೆ ಮುಗಿದ ಮೇಲೂ ಈ ವ್ಯಾಪಾರ ವರ್ಷವಿಡೀ ನಡೆಯುತ್ತದೆ.

ಜಾತ್ರೆಯ ಪೇಟೆ ಮನೆ ಕಟ್ಟುವವರಿಗೂ ಬೇಕು, ಮದುವೆ ಗೊತ್ತಾದವರಿಗೂ ಬೇಕು. ಕಟ್ಟಿಗೆಯ ಬಾಗಿಲು, ಚೌಕಟ್ಟುಗಳ ಮಾರಾಟಕ್ಕೆ ಬನಶಂಕರಿ ಹೆಸರುವಾಸಿ. ಬೇಸಾಯದ ಸಾಮಾನು, ಬಳೆ, ಬೆಂಡು-ಬೆತ್ತಾಸುಗಳ ಸಾಲು ಬೇರೆ. ಬಟ್ಟೆಯ ವ್ಯಾಪಾರದಲ್ಲಿ ಇಳಕಲ್ಲ ಸೀರೆಗೂ ಗುಳೇದಗುಡ್ಡದ ಖಣಕ್ಕೂ ಮೊದಲ ಸ್ಥಾನ. ಇಳಕಲ್ಲ ಸೀರೆಯ ಒಡಲಿನ ಹಾಸುನೂಲನ್ನು ಸೆರಗಿನ ಹಾಸುನೂಲಿಗೆ ಒಂದೊಂದಾಗಿ ಕೊಂಡಿ ಹಾಕಿ ಜೋಡಿಸುತ್ತಾರೆ. ಅದರಿಂದಲೇ ಒಡಲಿನ ಬಣ್ಣ ಯಾವುದಿದ್ದರೂ ಸೆರಗು ಕೆಂಪಾಗಿ ಬೇರೆಯೇ ನಿಲ್ಲುತ್ತದೆ.

ಜಾತ್ರೆಯಲ್ಲಿ ಕಂಡದ್ದು ಮನೆಯ ಕಸೂತಿಯಲ್ಲೂ ಉಳಿಯಿತು. ಕೆಲಸ ಮುಗಿದ ಮಧ್ಯಾಹ್ನಗಳಲ್ಲಿ ಹೆಂಗಸರು ಪಡಸಾಲೆಯಲ್ಲಿ ಕುಳಿತು ಸೀರೆ, ಕುಪ್ಪಸ, ಕುಂಚಿಗೆಗಳ ಮೇಲೆ ತೇರು, ಗೋಪುರ, ಆನೆ, ನವಿಲು, ತುಳಸಿಕಟ್ಟೆಗಳನ್ನು ತೆಗೆಯುತ್ತಿದ್ದರು. ಕಸೂತಿಗೆ ಅಚ್ಚಿಲ್ಲ, ಬಟ್ಟೆಯ ಮೇಲೆ ಮೊದಲು ಗೆರೆ ಎಳೆಯುವುದೂ ಇಲ್ಲ. ನೂಲಿನ ಎಳೆ ಎಣಿಸುತ್ತ ಹೋಗುವುದಷ್ಟೇ. ಒಂದು ಎಳೆ ತಪ್ಪಿದರೆ ತೇರಿನ ಕಳಸ ವಾರೆಯಾಗುತ್ತದೆ. ಗಂಟಿ, ಮುರಗಿ, ನೇಗಿ, ಮೆಂತಿ ಎಂಬವು ಅದರ ನಾಲ್ಕು ಹೊಲಿಗೆಗಳು. ಗಂಟಿ, ಮುರಗಿಗಳಲ್ಲಿ ಬಟ್ಟೆಯ ಎರಡೂ ಮಗ್ಗುಲು ಒಂದೇ ಥರ ಕಾಣಬೇಕು. ಕಾಸಿಗಾಗಿ ಅಲ್ಲದೆ ಮಗಳ ಮದುವೆಗೋ ಮೊಮ್ಮಗುವಿನ ತೊಟ್ಟಿಲಿಗೋ ಮಾಡಿದ ಈ ಕೆಲಸದಲ್ಲಿ ಹೆಂಗಸರು ತಮ್ಮ ಬಿಡುವಿನ ಸುಖವನ್ನು ಕಂಡುಕೊಂಡರು.

20ನೆಯ ಶತಮಾನದಲ್ಲಿ ಬನಶಂಕರಿಗೆ ಇನ್ನೊಂದು ಆಕರ್ಷಣೆ ಸೇರಿತು. ವೃತ್ತಿ ನಾಟಕ ಕಂಪನಿಗಳು ಇಲ್ಲಿ ತಗಡಿನ ಥೇಟರು ಕಟ್ಟಿ ಜಾತ್ರೆ ಮುಗಿಯುವವರೆಗೂ ಬೀಡುಬಿಟ್ಟವು. ಒಂದರ ಪಕ್ಕ ಒಂದರಂತೆ ಹಲವು ಕಂಪನಿಗಳು, ದಿನಕ್ಕೆ ಎರಡು-ಮೂರು ಪ್ರಯೋಗ. ಬಂಡಿಯಲ್ಲಿ ಬಂದವರಿಗೆ ಇರುಳು ಕಳೆಯಲು ಜಾಗ ಬೇಕು, ಕಂಪನಿಗೆ ಜನ ಬೇಕು. ಹೀಗೆ ಬೆಳಗಾಗುವವರೆಗೆ ನಡೆಯುವ ನಾಟಕ ಜಾತ್ರೆಯ ಅಂಗವೇ ಆಯಿತು. ಪೇಟಿ, ತಬಲಾದ ದನಿ ಕೇಳುತ್ತ ಮಕ್ಕಳು ತಾಯಂದಿರ ತೊಡೆಯ ಮೇಲೆ ನಿದ್ದೆ ಹೋಗುತ್ತಿದ್ದರು, ಹಾಸ್ಯದ ಪ್ರವೇಶ ಬಂದಾಗ ಎಚ್ಚರಾಗುತ್ತಿದ್ದರು. ಆ ರಂಗಭೂಮಿಯ ದೊಡ್ಡ ನಾಟಕಕಾರರಲ್ಲಿ ಒಬ್ಬರಾದ ಪಿ.ಬಿ. ಧುತ್ತರಗಿ ಹುನಗುಂದ ತಾಲ್ಲೂಕಿನ ಸೂಳೇಭಾವಿಯವರು. ಅವರ ‘ಸಂಪತ್ತಿಗೆ ಸವಾಲ್’ ನಾಟಕ 1974ರಲ್ಲಿ ರಾಜ್‌ಕುಮಾರ್ ಅಭಿನಯದ ಚಲನಚಿತ್ರವಾಗಿ ನಾಡಿನ ಮೂಲೆಮೂಲೆಗೂ ಹೋಯಿತು. ಸಿನಿಮಾ, ಟಿ.ವಿ. ಬಂದ ಮೇಲೆ ಅನೇಕ ಕಂಪನಿಗಳು ಮುಚ್ಚಿದವು. ಉಳಿದವುಗಳಿಗೆ ವರ್ಷದ ನಷ್ಟ ತುಂಬಿಕೊಡುವ ತಾಣವಾಗಿ ಬನಶಂಕರಿ ಉಳಿಯಿತು. ಕೋವಿಡ್ ಕಾಲದಲ್ಲಿ ಜಾತ್ರೆಗೆ ನಿರ್ಬಂಧ ಬಿದ್ದಾಗ ಕಲಾವಿದರು ಆ ಆಸರೆಯನ್ನೂ ಕಳೆದುಕೊಂಡಿದ್ದರು.

ಇಂದು ಎತ್ತಿನ ಬಂಡಿಗಳ ಜಾಗದಲ್ಲಿ ಬಸ್ಸು, ಟ್ರ್ಯಾಕ್ಟರ್, ಕಾರುಗಳಿವೆ. ಬೆಳಿಗ್ಗೆ ಬಂದವರು ಸಂಜೆಗೆ ಮನೆ ಸೇರಬಹುದಾದ್ದರಿಂದ ಹೊಂಡದ ದಂಡೆಯಲ್ಲಿ ವಸ್ತಿ ಮಾಡುವವರು ಕಡಿಮೆ. ಆದರೂ ಮಾಡಲಗೇರಿಯ ಹಗ್ಗ ಬಂದ ಮೇಲೆಯೇ ತೇರು ಸಾಗುತ್ತದೆ, ನಾಟಕದ ತಗಡುಗಳು ಏಳುತ್ತವೆ, ಟ್ರ್ಯಾಕ್ಟರಿನಲ್ಲಿ ಬಂದವರೂ ಬುತ್ತಿಯ ಗಂಟು ಬಿಚ್ಚುತ್ತಾರೆ. ಮರಳುವಾಗ ಕೊಂಡ ಬೆಂಡು-ಬೆತ್ತಾಸು ಜಾತ್ರೆಗೆ ಬರಲಾಗದ ಓಣಿಯ ಮನೆಗಳಿಗೆ ಹಂಚಿಕೆಯಾಗುತ್ತದೆ.