ಕಡಲಬೇನೆ: ಮುಳುಗುಗಾರರ ವಾಕರಿಕೆಗೆ ಕಾರಣಗಳು

ದೋಣಿಯ ತೂಗಾಟದಿಂದ ಉಂಟಾಗುವ ತಲೆಸುತ್ತು, ತಣ್ಣನೆಯ ಬೆವರು, ವಾಕರಿಕೆ ಹಾಗೂ ವಾಂತಿಯನ್ನು ಕಡಲಬೇನೆ ಎನ್ನುತ್ತಾರೆ. ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ, ಗೋವೆಯಿಂದ ಗ್ರ್ಯಾಂಡ್ ದ್ವೀಪಕ್ಕೆ ಸ್ಕೂಬಾ ಡೈವಿಂಗ್‌ಗೆಂದು ಹೊರಡುವವರನ್ನೂ ಇದು ಕಾಡುತ್ತದೆ. ಆದರೆ ಮುಳುಗುಗಾರರ ವಾಕರಿಕೆಗೆಲ್ಲ ಅಲೆಗಳೇ ಕಾರಣವಲ್ಲ. ಅದು ಯಾವ ಹಂತದಲ್ಲಿ ಆರಂಭವಾಯಿತೆಂಬುದೇ ಕಾರಣವನ್ನು ಗುರುತಿಸುವ ಮೊದಲ ಸುಳಿವು.

ಮೂಲ: ಒಳಕಿವಿಯ ಮೂರು ಅರ್ಧವೃತ್ತಾಕಾರದ ನಾಳಗಳು ತಲೆಯ ತಿರುಗುವಿಕೆಯನ್ನೂ, ಸೂಕ್ಷ್ಮ ಹರಳುಗಳಿರುವ ಎರಡು ಚೀಲಗಳು ಏರಿಳಿತವನ್ನೂ ಮಿದುಳಿಗೆ ತಿಳಿಸುತ್ತವೆ. ಕಣ್ಣಿನ ವರದಿಗೂ ಕಿವಿಯ ವರದಿಗೂ ತಾಳೆಯಾಗದಿದ್ದಾಗ ಬೇನೆ ಹುಟ್ಟುತ್ತದೆಂಬುದು ಹೆಚ್ಚು ಅಂಗೀಕೃತವಾದ ವಿವರಣೆ. ತಾಳವಾಡಿಗೆ ಹೋಗುವ ದಿಂಬಂ ಘಾಟಿಯ 27 ತಿರುವುಗಳಲ್ಲಿ, ಬಸ್ಸಿನೊಳಗೆ ಪುಸ್ತಕ ಓದುವ ಮಕ್ಕಳಿಗೆ ಹೊಟ್ಟೆ ತೊಳಸುವುದೂ ಇದರಿಂದಲೇ. ಒಳಕಿವಿಯ ಈ ಭಾಗ ಸಂಪೂರ್ಣ ನಿಷ್ಕ್ರಿಯವಾಗಿರುವವರಿಗೆ ಕಡಲಬೇನೆ ಬರುವುದಿಲ್ಲ.

ದೋಣಿಯಲ್ಲಿ: ಸುಮಾರು 5 ಸೆಕೆಂಡಿಗೊಮ್ಮೆ ಏರಿಳಿಯುವ ನಿಧಾನದ ತೂಗಾಟ ಅತಿ ಹೆಚ್ಚು ಪೀಡಿಸುತ್ತದೆ. ತಲೆ ತಗ್ಗಿಸಿ ಸಲಕರಣೆ ಜೋಡಿಸುವಾಗ ದಿಗಂತ ಕಣ್ಮರೆಯಾಗುತ್ತದೆ. ಡೀಸೆಲ್ ಹೊಗೆ, ಬಿಗಿಯಾದ ಡೈವಿಂಗ್ ಉಡುಪಿನ ಸೆಕೆ, ಆತಂಕ ಇವು ಬೇನೆಯನ್ನು ಉಲ್ಬಣಗೊಳಿಸುತ್ತವೆ.

ನೀರಿನೊಳಗೆ: ಆಳಕ್ಕೆ ಇಳಿದಂತೆ ಅಲೆಗಳ ಪ್ರಭಾವ ತಗ್ಗುವುದರಿಂದ ಅನೇಕರಿಗೆ ಉಪಶಮನವಾಗುತ್ತದೆ. ಅಲ್ಲಿಯೇ ಹಠಾತ್ತನೆ ತಲೆ ಸುತ್ತಿದರೆ ಕಾರಣ ಬೇರೆಯಿರಬಹುದು. ಒಂದೇ ಕಿವಿಗೆ ತಣ್ಣೀರು ನುಗ್ಗಿದರೆ ಒಳಕಿವಿಯ ದ್ರವ ಚಲಿಸಿ ಸುಳ್ಳು ತಿರುಗುವಿಕೆಯ ಅನುಭವವಾಗುತ್ತದೆ. ಒಳಕಿವಿಯ ಸಮತೋಲನ ವ್ಯವಸ್ಥೆಯನ್ನು ಇದೇ ಪರಿಣಾಮದ ಮೂಲಕ ಅಧ್ಯಯನ ಮಾಡಿದ ರಾಬರ್ಟ್ ಬರಾನಿ ಅವರಿಗೆ 1914ರ ನೊಬೆಲ್ ಪ್ರಶಸ್ತಿ ಸಂದಿತು. ಎರಡೂ ಕಿವಿಗಳ ಒತ್ತಡ ಸಮನಾಗದಿದ್ದರೂ ತಲೆ ಸುತ್ತುತ್ತದೆ.

ಮೇಲೆ ಬಂದ ಬಳಿಕ: ಇದು ಅತಿ ಎಚ್ಚರ ಬೇಡುವ ಹಂತ. ಆಳದಲ್ಲಿ ದೇಹದೊಳಗೆ ಕರಗಿದ ನೈಟ್ರೋಜನ್ ಗುಳ್ಳೆಗಳಾಗಿ ಒಳಕಿವಿಗೆ ಹಾನಿ ಮಾಡಿದಾಗಲೂ ತಲೆಸುತ್ತು, ವಾಂತಿ ಕಾಣಿಸುತ್ತವೆ. ಇದನ್ನು ಕಡಲಬೇನೆಯೆಂದು ಭಾವಿಸಿ ಸುಮ್ಮನಿದ್ದರೆ ಕಿವಿಗೆ ಶಾಶ್ವತ ಹಾನಿಯಾಗಬಹುದು. ದಡ ಸೇರಿದರೂ ತಗ್ಗದ ತಲೆಸುತ್ತು, ಕಿವಿ ಮಂದವಾಗುವಿಕೆ ಅಥವಾ ನಡಿಗೆಯಲ್ಲಿ ತಡವರಿಕೆ ಇದ್ದರೆ ತಕ್ಷಣ ವೈದ್ಯರನ್ನು ಕಾಣಬೇಕು.

ಮುನ್ನೆಚ್ಚರಿಕೆ: ಸಲಕರಣೆಯನ್ನು ದಡದಲ್ಲಿಯೇ ಜೋಡಿಸಿಕೊಳ್ಳುವುದು, ದೋಣಿಯ ಮಧ್ಯಭಾಗದಲ್ಲಿ ಕುಳಿತು ದಿಗಂತವನ್ನು ನೋಡುವುದು, ಸಾಕಷ್ಟು ನೀರು ಕುಡಿಯುವುದು ಹಿತಕರ. ವಾಂತಿ ತಡೆಯುವ ಅನೇಕ ಮಾತ್ರೆಗಳು ಮಂಪರು ತರುವುದರಿಂದ, ವೈದ್ಯರ ಸಲಹೆಯಿಲ್ಲದೆ ಅವನ್ನು ಸೇವಿಸಿ ನೀರಿಗಿಳಿಯಬಾರದು. ತೀವ್ರವಾಗಿ ಬಳಲಿದವರು ಅಂದು ಮುಳುಗದಿರುವುದೇ ಕ್ಷೇಮ.